ಸೆಲ್ಫ್ ತಗೋತಿಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಕ್ಕಪಕ್ಕದವರ ಪರಿಚಯವಾಗಲು ಎರಡೇ ದಾರಿ. ನೀರಿನ ಟ್ಯಾಂಕರ್ ಕೈಕೊಡಬೇಕು, ಇಲ್ಲವೇ ಬೆಳಗಿನ ಹೊತ್ತು ನಿಮ್ಮ ಕಾರು ಸ್ಟಾರ್ಟ್ ಆಗದೆ ನಿಲ್ಲಬೇಕು. ನನಗೆ ಪರಿಚಯಗಳೆಲ್ಲ ಎರಡನೆಯ ದಾರಿಯಲ್ಲಿ ಬಂದವು. ಡಿಸೆಂಬರಿನ ಚಳಿ, ತಿಪಟೂರಿನಲ್ಲಿ ಮದುವೆ, ಹಿಂದಿನ ಸೀಟಿನಲ್ಲಿ ಉಡುಗೊರೆಯ ಡಬ್ಬ. ಕೀ ತಿರುಗಿಸಿದರೆ ಬಾನೆಟ್ಟಿನೊಳಗಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು ಬಂತೇ ಹೊರತು ಇಂಜಿನ್ನು ಒಂದು ಸುತ್ತೂ ತಿರುಗಲಿಲ್ಲ.

ಐದು ನಿಮಿಷದಲ್ಲಿ ವೈದ್ಯಮಂಡಳಿ ನೆರೆಯಿತು. ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಪೆಟ್ರೋಲಿಗೆ ನೀರು ಬೆರೆತಿದೆ ಎಂದರು. ವಾಚ್‌ಮನ್ನು ಇಲಿಗಳ ಮೇಲೆ ದೂರು ಹೇಳಿದ. ಸ್ಕೂಲ್ ಬಸ್ಸಿಗೆ ಕಾಯುತ್ತಿದ್ದ ಹುಡುಗನೊಬ್ಬ "ಸೆನ್ಸರ್ ಹೋಗಿದೆ ಅಂಕಲ್" ಎಂದು ತೀರ್ಪು ಕೊಟ್ಟು ಬಸ್ ಹತ್ತಿದ. ಬ್ಯಾಟರಿ ಇರಬಹುದೇ ಎಂದು ನಾನು ಬಾಯಿ ತೆರೆದರೆ, "ಲೈಟೆಲ್ಲಾ ಉರೀತಿದೆಯಲ್ರೀ, ಬ್ಯಾಟರಿ ಚೆನ್ನಾಗೇ ಇದೆ" ಎಂದು ಎಲ್ಲರೂ ಒಟ್ಟಾಗಿ ನನ್ನನ್ನು ಸುಮ್ಮನಾಗಿಸಿದರು. ಒಳಗಿನ ದೀಪಕ್ಕೆ ಒಂದು ಆಂಪಿಯರೂ ಬೇಡ, ಇಂಜಿನ್ ತಿರುಗಿಸುವ ಸೆಲ್ಫ್ ಮೋಟರಿಗೆ ನೂರಕ್ಕೂ ಹೆಚ್ಚು ಬೇಕು ಎಂಬ ಮಾತನ್ನು ಆ ಗದ್ದಲದಲ್ಲಿ ಯಾರಿಗೆ ಹೇಳುವುದು?

ನನಗೆ ಇದನ್ನು ಕಲಿಸಿದ್ದು ದೊಡ್ಡಪ್ಪನ ಅಂಬಾಸಿಡರ್. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ ಕಾರಿನ ಕಾಯಿಲೆಯನ್ನು ಕಿವಿಯಿಂದಲೇ ಹಿಡಿಯುತ್ತಿದ್ದರು. ಹಾರನ್ ಶೀತ ಹಿಡಿದ ಹರಿಕಥೆ ದಾಸರ ಹಾಗೆ ಎಳೆದರೆ ಬ್ಯಾಟರಿ ಇಳಿದಿದೆ ಎಂದೇ ಲೆಕ್ಕ. ಅನುಮಾನವಿದ್ದರೆ ಕಾರನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯುತ್ತಿದ್ದರು. ಗೋಡೆಯ ಮೇಲಿನ ಬೆಳಕು ತಟ್ಟನೆ ಕಂದಿದರೆ ಬ್ಯಾಟರಿಯಲ್ಲಿ ದಮ್ಮಿಲ್ಲ, ಅಥವಾ ಟರ್ಮಿನಲ್ ಸಡಿಲವಾಗಿದೆ. ಬೆಳಕು ಇದ್ದ ಹಾಗೇ ಇದ್ದು ಇಂಜಿನ್ನು ಮಿಸುಕದಿದ್ದರೆ ತಪ್ಪು ಸೆಲ್ಫ್ ಕಡೆಯದು. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ, ಇವತ್ತಿಗೂ ಹಳತಾಗಿಲ್ಲ.

ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್. ಡಿಕ್ಕಿಯಿಂದ ಕಬ್ಬಿಣದ ಆ ಸೊಟ್ಟ ಸಲಾಕೆ ತೆಗೆದು, ಬಂಪರಿನ ತೂತಿನಲ್ಲಿ ತೂರಿಸಿ, ಕಾಲು ಅಗಲಿಸಿ ನಿಂತು ಹೊಡೆಯಬೇಕು. "ಲೇ ಮಗ, ಹೆಬ್ಬೆರಳು ಸುತ್ತಬೇಡ, ಬೇರೆ ಬೆರಳಿನ ಪಕ್ಕಕ್ಕೇ ಇಟ್ಕೋ" ಎನ್ನುತ್ತಿದ್ದರು. ಇಂಜಿನ್ನು ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ, ಮಣಿಕಟ್ಟೂ ಉಳಿಯುವುದಿಲ್ಲ.

ಆಮೇಲೆ ಬ್ಯಾಟರಿ ಬಿಚ್ಚಿಕೊಂಡು ಚಾರ್ಜಿಂಗ್ ಅಂಗಡಿಗೆ. ಸಾಲಾಗಿ ಜೋಡಿಸಿಟ್ಟ ಕಪ್ಪು ರಬ್ಬರಿನ ಪೆಟ್ಟಿಗೆಗಳು, ಮೇಲೆ ಡಾಂಬರಿನ ಮೆತ್ತೆ, ಬಿಚ್ಚಿಟ್ಟ ಮುಚ್ಚಳಗಳ ಕೆಳಗೆ ಸಣ್ಣಗೆ ಗುಳ್ಳೆಯೇಳುವ ಆಸಿಡ್. ಅಂಗಡಿಯ ಸಾಹೇಬರು ರಬ್ಬರ್ ಬುರುಡೆಯ ಗಾಜಿನ ಕೊಳವೆಯನ್ನು ಒಂದೊಂದು ಸೆಲ್ಲಿಗೂ ಇಳಿಸಿ ಆಸಿಡ್ ಹೀರುತ್ತಿದ್ದರು. ಒಳಗೆ ತೇಲುವ ಬುಂಡೆಯ ಮೇಲೆ ಹಸಿರು, ಬಿಳಿ, ಕೆಂಪು ಪಟ್ಟಿ, ಆಸಿಡಿನ ಸಾಂದ್ರತೆಯ ಅಂಕಿ. 1250ರ ಹತ್ತಿರ ತೇಲಿದರೆ ಭರ್ತಿ, 1150ಕ್ಕೆ ಮುಳುಗಿದರೆ ಖಾಲಿ. ಐದು ಸೆಲ್ಲು ಹಸಿರಿನಲ್ಲಿದ್ದು ಒಂದು ಮಾತ್ರ ಕೆಂಪಿನಲ್ಲಿದ್ದರೆ "ಒಂದು ಸೆಲ್ ಹೋಗಿದೆ" ಎಂದು ಡಾಂಬರು ಕಾಯಿಸಿ ಕಿತ್ತು, ಆ ಒಂದು ಮನೆಯ ಪ್ಲೇಟುಗಳನ್ನಷ್ಟೇ ಬದಲಿಸುತ್ತಿದ್ದರು. ಅಲ್ಲಿಗೆ ಹೋಗಿಬಂದ ನನ್ನ ಶಾಲೆಯ ಚಡ್ಡಿಯಲ್ಲಿ ಒಗೆದ ಮೇಲೆ ತೂತುಗಳು ಕಾಣಿಸಿಕೊಂಡು ಅಮ್ಮನಿಗೂ ದೊಡ್ಡಪ್ಪನಿಗೂ ಮಾತು ನಿಂತದ್ದುಂಟು.

ಈ ಪೆಟ್ಟಿಗೆಯ ಮೂಲಪುರುಷ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಪ್ಯಾರಿಸ್ ಹತ್ತಿರ ಹಾರಲಾರದ ಒಂದು ದೈತ್ಯ ಹಕ್ಕಿಯ ಪಳೆಯುಳಿಕೆ ಪತ್ತೆಮಾಡಿದವನು. ಆ ಹಕ್ಕಿಗೆ ಗಾಸ್ಟೋರ್ನಿಸ್ ಎಂದು ಇವನದೇ ಹೆಸರಿದೆ. 1859ರಲ್ಲಿ ಎರಡು ಸೀಸದ ಹಾಳೆಗಳ ನಡುವೆ ರಬ್ಬರ್ ಪಟ್ಟಿ ಇಟ್ಟು, ಚಾಪೆಯ ಥರ ಸುರುಳಿ ಸುತ್ತಿ, ಗಂಧಕಾಮ್ಲದಲ್ಲಿ ಅದ್ದಿದ. ಖಾಲಿಯಾದರೆ ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿ ಅದು. ತಮಾಷೆಯೆಂದರೆ ತುಂಬಿಸಲು ಆಗಿನ್ನೂ ಕೆಲಸಕ್ಕೆ ಬರುವ ಡೈನಮೊ ಇರಲಿಲ್ಲ. ಬೇರೆ ಬ್ಯಾಟರಿಗಳನ್ನು ಖರ್ಚುಮಾಡಿ ಇದನ್ನು ತುಂಬಿಸಬೇಕಿತ್ತು, ಪ್ಲೇಟುಗಳನ್ನು ಹದಕ್ಕೆ ತರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1881ರಲ್ಲಿ ಕಮೀಲ್ ಫೋರ್ ಎಂಬಾತ ಪ್ಲೇಟಿಗೆ ಸೀಸದ ಆಕ್ಸೈಡಿನ ಲೇಪ ಮೆತ್ತಿದ ಮೇಲೆ ಕಾರ್ಖಾನೆಯಲ್ಲಿ ಮಾಡುವ ಸರಕಾಯಿತು.

ಆಗ ಬ್ಯಾಟರಿಗೆ ಒಳ್ಳೆಯ ಕಾಲ. 1899ರಲ್ಲಿ ಕಾರೊಂದು ಮೊದಲ ಬಾರಿಗೆ ಗಂಟೆಗೆ ನೂರು ಕಿಲೋಮೀಟರ್ ದಾಟಿದಾಗ ಅದರ ಹೊಟ್ಟೆಯಲ್ಲಿ ಇದ್ದದ್ದು ಪೆಟ್ರೋಲ್ ಅಲ್ಲ, ಇದೇ ಸೀಸ, ಇದೇ ಆಸಿಡ್. ಪೆಟ್ರೋಲ್ ಕಾರಿಗೆ ಹ್ಯಾಂಡಲ್ ಹೊಡೆಯುವ ಶಿಕ್ಷೆ, ಬ್ಯಾಟರಿ ಕಾರಿಗೆ ಅದಿಲ್ಲ. ಅಷ್ಟರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬಂದ. ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಪುಟ್ಟ ಮೋಟರ್ ಕೂರಿಸಿ ಅನುಭವವಿದ್ದವನು. ಕೆಲವೇ ಸೆಕೆಂಡು ಕೆಲಸವಾದರೆ ಸಣ್ಣ ಮೋಟರಿನ ಮೇಲೂ ಮಿತಿಮೀರಿದ ಭಾರ ಹೇರಬಹುದು ಎಂಬುದು ಅಲ್ಲಿ ಕಲಿತ ಪಾಠ. ಅದನ್ನೇ ಕಾರಿಗೆ ತಂದ. 1912ರ ಕ್ಯಾಡಿಲಾಕ್ ಹ್ಯಾಂಡಲ್ ಇಲ್ಲದೆ ಸ್ಟಾರ್ಟ್ ಆಯಿತು. ಪೆಟ್ರೋಲ್ ಕಾರಿನ ದೊಡ್ಡ ತೊಡಕು ತೀರಿತು, ಎಲೆಕ್ಟ್ರಿಕ್ ಕಾರು ಮೂಲೆಗೆ ಸರಿಯಿತು. ಅದಕ್ಕೆ ಅಗ್ಗದ ಪೆಟ್ರೋಲು, ಫೋರ್ಡ್ ಕಾರಿನ ಕಡಿಮೆ ಬೆಲೆ ಇವೂ ಕಾರಣ ನಿಜ. ಆದರೂ ಬ್ಯಾಟರಿ ತನ್ನ ಮನೆಯ ಕಾರನ್ನು ತಾನೇ ಮುಳುಗಿಸಿ, ಎದುರಾಳಿಯ ಮನೆಯಲ್ಲಿ ಬಾಗಿಲು ತೆಗೆಯುವ ಕೆಲಸಕ್ಕೆ ಸೇರಿತು ಎಂದೇ ನನಗೆ ಅನಿಸುವುದು.

ಕಾರು ಕೈಕೊಟ್ಟ ಆ ದಿನ ನಾವು ಮದುವೆಗೆ ರೈಲಿನಲ್ಲಿ ಹೋದೆವು. ಹೊರಡುವ ಮೊದಲು ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಹುಡುಗನಿಗೆ ಕೀ ಕೊಟ್ಟಿದ್ದೆ. ಸಂಜೆ ಬಂದು ನೋಡಿದರೆ ಅವನು ನಮ್ಮ ಮಂಡಳಿಯ ಯಾವ ಊಹೆಗೂ ಕಿವಿಗೊಡದೆ ಮೀಟರ್ ಹಿಡಿದಿದ್ದ. ಸುಮ್ಮನೆ ನಿಂತ ಕಾರಿನಲ್ಲಿ 12.1 ವೋಲ್ಟ್, ಭರ್ತಿಯಿದ್ದರೆ 12.6 ಇರಬೇಕು. ಕೀ ತಿರುಗಿಸಿದಾಗ 8ಕ್ಕಿಂತ ಕೆಳಗೆ. ಒಳ್ಳೆಯದಾದರೆ ಒಂಬತ್ತೂವರೆಯ ಮೇಲೆ ನಿಲ್ಲಬೇಕು. ಇನ್ನೊಂದು ಕಾರಿನಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿ, ವೈರ್ ತೆಗೆದ ಮೇಲೆ 14.2. ಅಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಕಾರು ಲಾಕ್ ಮಾಡಿ, ಒಳಗಿನ ಕಂಪ್ಯೂಟರುಗಳು ಮಲಗುವವರೆಗೆ ಕಾದು, ಎಲ್ಲಾದರೂ ಕರೆಂಟ್ ಸೋರುತ್ತಿದೆಯೇ ಎಂದೂ ನೋಡಿದ್ದ. ಸೋರಿಕೆ ಇರಲಿಲ್ಲ. ಆದರೂ ಆತ ಬ್ಯಾಟರಿಗೆ ಮರಣದಂಡನೆ ಕೊಡಲಿಲ್ಲ. "ಫುಲ್ ಚಾರ್ಜ್ ಮಾಡಿ ರಾತ್ರಿ ಬಿಡೋಣ ಸಾರ್, ಆಮೇಲೆ ಹೇಳ್ತೀನಿ" ಎಂದ. ಬೆಳಿಗ್ಗೆ ಅದೇ ಟಿಕ್ ಟಿಕ್. ಆಗಲೇ ಅವನು ಹೊಸದರ ಮಾತೆತ್ತಿದ್ದು. ಇಂಥ ಸಂಯಮ ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ನಾನು ಕಂಡಿದ್ದು ಕಡಿಮೆ.

ಬ್ಯಾಟರಿ ಕರೆಂಟ್ ಕೊಡುವಾಗ ಅದರ ಎರಡೂ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಆದಾಗ ಕರಗುತ್ತದೆ. ಹಾಲು, ತರಕಾರಿಗೆಂದು ಒಂದೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ನಮ್ಮಂಥವರ ಕಾರಿನಲ್ಲಿ ಅದು ಪೂರ್ತಿ ಕರಗುವುದೇ ಇಲ್ಲ. ಗಟ್ಟಿ ಹರಳಾಗಿ ಪ್ಲೇಟನ್ನು ಮುಚ್ಚುತ್ತದೆ. ಚಳಿಯನ್ನು ಬೈಯುತ್ತೇವೆ, ಆದರೆ ಬ್ಯಾಟರಿಯನ್ನು ತಿನ್ನುವುದು ಏಪ್ರಿಲ್ಲಿನ ಬಿಸಿಲು, ಬಾನೆಟ್ಟಿನೊಳಗಿನ ಕಾವು. ಡಿಸೆಂಬರ್ ಬಂದು ವಿಷಯ ಬಯಲು ಮಾಡುತ್ತದೆ, ಅಷ್ಟೆ.

ಬದಲಿಸುವ ಕೆಲಸ ಹತ್ತು ನಿಮಿಷದ್ದು. ಹತ್ತರ ಸ್ಪ್ಯಾನರಿನಲ್ಲಿ ಮೊದಲು ಮೈನಸ್ ಬಿಚ್ಚಬೇಕು. ಪ್ಲಸ್ಸಿಗೆ ಕೈಹಾಕಿದಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುವುದು ಇದರಿಂದ ತಪ್ಪುತ್ತದೆ. ಕೂರಿಸುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಹುಡುಗ ಕ್ಲ್ಯಾಂಪಿನ ಹಸಿರು ಬೂಷ್ಟನ್ನು ಅಡಿಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದ. ಕರೆಂಟ್ ತಪ್ಪಿದ ಕಾರಿನ ಗಡಿಯಾರ ಮಾತ್ರ ಹನ್ನೆರಡಕ್ಕೆ ಹೋಗಿ ನಿಂತಿತು.

2001ರಲ್ಲಿ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾ ರಸ್ತೆಗಿಳಿದಾಗ ಸೀಟಿನ ಕೆಳಗಿದ್ದದ್ದು ಇದೇ ಸೀಸದ ಬ್ಯಾಟರಿಗಳು. ಈಗಿನ ಎಲೆಕ್ಟ್ರಿಕ್ ಕಾರುಗಳು ಲಿಥಿಯಮ್ಮಿನ ಮೇಲೆ ಓಡುತ್ತವೆ. ಆದರೂ ಅವುಗಳಲ್ಲಿ ಬಹುಪಾಲಿನಲ್ಲಿ ಒಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇರುತ್ತದೆ, ಹಲವುಗಳಲ್ಲಿ ಅದು ಸೀಸದ್ದೇ. ಅದು ಕೂತರೆ ಕಾರು ಏಳುವುದಿಲ್ಲ. ಹಾಗಾಗಿ ಸೀಸದ ಸಹವಾಸ ಇನ್ನೂ ಮುಗಿದಿಲ್ಲ.

ನನ್ನ ಹಳೇ ಬ್ಯಾಟರಿಯನ್ನು ಕೇಳಿಕೊಂಡು ಗುಜರಿಯವನು ಸಂಜೆಯೇ ಬಂದ, ಅಂಗಡಿಯವರು ಕೊಡುವುದಕ್ಕಿಂತ ಇನ್ನೂರು ಹೆಚ್ಚು ಕೊಡುತ್ತೇನೆಂದ. ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸೀಸ. ಗುಜರಿಯ ದಾರಿ ಹಿಡಿದ ಬ್ಯಾಟರಿಗಳ ಆಸಿಡನ್ನು ಎಷ್ಟೋ ಕಡೆ ಚರಂಡಿಗೆ ಸುರಿದು, ಸೀಸವನ್ನು ಬಯಲಿನ ಕುಲುಮೆಯಲ್ಲಿ ಕರಗಿಸುತ್ತಾರೆ. ಆ ಹೊಗೆ, ಆ ದೂಳು ಮಕ್ಕಳ ರಕ್ತ ಸೇರಿದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು. ಹಳೆಯದನ್ನು ಮರಳಿ ಪಡೆಯುವ ಹೊಣೆ ತಯಾರಕರದೆಂದು 2001ರಲ್ಲೇ ನಿಯಮವಾಗಿತ್ತು, 2022ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಆದ್ದರಿಂದ ಇನ್ನೂರು ರೂಪಾಯಿ ಹೋದರೆ ಹೋಗಲಿ, ಹೊಸದು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.