ನಮ್ಮ ಮಗಳೂ ದೊಡ್ಡವಳಾದಳು

ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಹಬ್ಬದ ಅಡುಗೆಯನ್ನೋ ಊರಿನ ಪ್ರವಾಸವನ್ನೋ ಬರೆಯಬಹುದಿತ್ತು. ಅದನ್ನು ನಮಗಿಂತ ಚೆನ್ನಾಗಿ ಬರೆಯುವವರು ಸಂಘದಲ್ಲಿ ಬಹಳ ಮಂದಿ ಇದ್ದಾರೆ. ನಾವು ಗಂಡ ಹೆಂಡತಿ ಕೂತು, ಯಾರೂ ಬರೆಯದ ವಿಷಯವನ್ನೇ ಬರೆಯೋಣ ಎಂದುಕೊಂಡೆವು. ನಮ್ಮ ಮಗಳನ್ನು ನೀವೆಲ್ಲ ಬಲ್ಲಿರಿ, ಯುಗಾದಿಯ ದಿನ ಬಾಗಿಲಲ್ಲಿ ನಿಂತು ಬೇವು ಬೆಲ್ಲ ಹಂಚುವವಳು. ಈಗ 19 ವರ್ಷ. ಡೌನ್ ಸಿಂಡ್ರೋಮ್ ಇದೆ. ಬರೆಯುವ ಮುಂಚೆ ಅವಳನ್ನು ಕೇಳಿದೆವು. "ಬರೀರಿ, ನನ್ನ ಹೆಸರು ಮಾತ್ರ ಹಾಕ್ಬೇಡಿ" ಎಂದಳು. ಹಾಕಿಲ್ಲ.

ಬುದ್ಧಿಯ ಬೆಳವಣಿಗೆ ನಿಧಾನವಾದರೆ ಮೈಯ ಬೆಳವಣಿಗೆಯೂ ನಿಧಾನ ಎಂದು ನಮ್ಮವರಲ್ಲಿ ಅನೇಕರ ಎಣಿಕೆ. ಹಾಗಿಲ್ಲ. ಡೌನ್ ಸಿಂಡ್ರೋಮ್ ಇರುವ ಹುಡುಗಿಯರೂ ಉಳಿದವರ ಹಾಗೆಯೇ ಸುಮಾರು 12–13ನೇ ವಯಸ್ಸಿಗೆ ಮೈನೆರೆಯುತ್ತಾರೆ. ಡಾಕ್ಟರು ಇದನ್ನು ಅವಳ 9ನೇ ವಯಸ್ಸಿನಲ್ಲೇ ಹೇಳಿದ್ದರಿಂದ ನಮಗೆ ತಯಾರಿಗೆ ಸಮಯ ಸಿಕ್ಕಿತು. ಒಳಚಡ್ಡಿಯ ಮೇಲೆ ಪ್ಯಾಡ್ ಕೂರಬೇಕಾದ ಜಾಗದ ಸುತ್ತ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದೆವು. ಶನಿವಾರ ಶನಿವಾರ ಒಂದು ಗಂಟೆ ಪ್ಯಾಡ್ ಹಾಕಿಕೊಂಡು ಓಡಾಡುವ ಅಭ್ಯಾಸ. ಅಡುಗೆಗೆ ಬಳಸುವ ಕೆಂಪು ಬಣ್ಣವನ್ನು ನಾಲ್ಕು ಹನಿ ಅದರ ಮೇಲೆ ಹಾಕಿ ತೋರಿಸಿ, ಸುತ್ತಿ ಬುಟ್ಟಿಗೆ ಹಾಕುವುದು, ಕೈ ತೊಳೆಯುವುದು ಎಲ್ಲವನ್ನೂ ಚಿತ್ರ ಬರೆದು ಬಚ್ಚಲುಮನೆಯ ಗೋಡೆಗೆ ಅಂಟಿಸಿದೆವು. ಮೂರು ವರ್ಷ ಹೀಗೆ ನಡೆಯಿತು. ಕೊನೆಗೆ ಆ ದಿನ ಬಂದಾಗ ಅವಳು ಹೆದರಲಿಲ್ಲ, ಕ್ಯಾಲೆಂಡರಿನಲ್ಲಿ ತಾನೇ ಗುರುತು ಹಾಕಿ ಬಂದು ಹೇಳಿದಳು.

ತೊಂದರೆ ಕೊಟ್ಟದ್ದು ನಮ್ಮ ಭಾಷೆ. ಸುದ್ದಿ ತಿಳಿದು ಮೈಸೂರಿನಿಂದ ಅಜ್ಜಿ ಫೋನಿನಲ್ಲಿ "ಕಾಗೆ ಮುಟ್ಟಿತಾ ಕಂದಾ?" ಎಂದು ಕೇಳಿದರು. ಇವಳು ಹಿತ್ತಲಿಗೆ ಓಡಿ ನೋಡಿ ಬಂದು, "ಕಾಗೆ ಇಲ್ಲ ಅಜ್ಜಿ, ಮ್ಯಾಗ್‌ಪೈ ಇದೆ" ಎಂದಳು. ನಕ್ಕೆವು ನಿಜ. ಆದರೆ ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುವ ಮಕ್ಕಳಿಗೆ ನಮ್ಮ ಮರೆಮಾತುಗಳು ಬರೀ ಗೊಂದಲ. 'ಕೆಳಗೆ', 'ಅಲ್ಲಿ', 'ಶೇಮ್ ಶೇಮ್' ಎಂದು ಕಲಿಸಿದ ಮಗು, ಯಾರಾದರೂ ಕೈ ಹಾಕಿದರೆ ಟೀಚರಿಗೆ ಏನೆಂದು ಹೇಳಬೇಕು? ಪೊಲೀಸರಿಗೆ ಏನೆಂದು ಹೇಳಬೇಕು? ಸ್ತನ, ಯೋನಿ, ಶಿಶ್ನ ಎಂಬ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಲಿಸಿದೆವು. ಮೊದಲ ವಾರ ನಮಗೇ ನಾಲಿಗೆ ತಡವರಿಸಿತು, ಆಮೇಲೆ ಮೊಣಕೈ ಮೊಣಕಾಲಿನ ಹಾಗೆ ರೂಢಿಯಾಯಿತು.

ಅಜ್ಜಿ ಆ ವರ್ಷ ಬಂದಾಗ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ ಆರತಿ ಎತ್ತಿದರು. "ಇಂಥವಳಿಗೆ ಯಾಕೆ ಇದೆಲ್ಲ" ಎಂದವರಿಗೆ "ಅವಳೂ ಹೆಣ್ಣೇ ಅಲ್ವೇನಮ್ಮಾ" ಎಂದಷ್ಟೇ ಹೇಳಿದರು.

ಅದೇ ದಿನಗಳಲ್ಲಿ ನೆಂಟರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಗರ್ಭಕೋಶ ತೆಗೆಸಿಬಿಡಿ, ತಿಂಗಳ ತಿಂಗಳ ರಗಳೆ ತಪ್ಪುತ್ತದೆ, ನಾಳೆ ಏನಾದರೂ ಆದರೆ ಎಂಬ ಭಯವೂ ಇರುವುದಿಲ್ಲ ಎಂದರು. ಈ ಮಾತು ಕೇಳಿದ ತಂದೆ ತಾಯಂದಿರು ನಾವಷ್ಟೇ ಅಲ್ಲ. ಆಸ್ಟ್ರೇಲಿಯಾದ ಹೈಕೋರ್ಟು, ಈ ದೇಶದ ಅತ್ಯುಚ್ಚ ನ್ಯಾಯಾಲಯ, 1992ರಲ್ಲೇ ಇದನ್ನು ವಿಚಾರಿಸಿತ್ತು. 'ಮೇರಿಯನ್' ಎಂಬ ಬದಲಿ ಹೆಸರಿನಿಂದ ಕರೆಯಲಾದ ನಾರ್ದರ್ನ್ ಟೆರಿಟರಿಯ 14 ವರ್ಷದ ಹುಡುಗಿಯ ಪ್ರಕರಣ ಅದು. ರೋಗಕ್ಕೆ ಚಿಕಿತ್ಸೆಯಲ್ಲದೆ ಮಗುವನ್ನು ಸಂತಾನಹೀನಳನ್ನಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ತಂದೆ ತಾಯಿಯ ಒಪ್ಪಿಗೆಯೊಂದೇ ಸಾಲದು, ನ್ಯಾಯಾಲಯದ ಅನುಮತಿ ಬೇಕು ಎಂದು ತೀರ್ಪಾಯಿತು. ಊರಿಗೆ ಕರೆದುಕೊಂಡು ಹೋಗಿ ಮಾಡಿಸಬಹುದಲ್ಲ ಎನ್ನುವವರಿಗೂ ಒಂದು ಮಾತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 10ನೇ ಸೆಕ್ಷನ್ ಪ್ರಕಾರ, ತಿಳಿದು ಮನಸಾರೆ ಒಪ್ಪದ ಹೊರತು ಯಾವ ಅಂಗವಿಕಲ ವ್ಯಕ್ತಿಗೂ ಇಂಥ ಚಿಕಿತ್ಸೆ ಮಾಡುವಂತಿಲ್ಲ. ಕಾನೂನು ಒತ್ತಟ್ಟಿಗಿರಲಿ. ಗರ್ಭಕೋಶ ತೆಗೆದರೆ ಬಸುರಾಗುವುದು ತಪ್ಪುತ್ತದೆ, ಕೆಟ್ಟವನ ಕೈ ತಪ್ಪುವುದಿಲ್ಲ. ಆಗಿದ್ದು ಯಾರಿಗೂ ಗೊತ್ತಾಗದ ಹಾಗೆ ಅವನಿಗೇ ಅನುಕೂಲ ಮಾಡಿಕೊಟ್ಟಂತೆ.

ಅವಳನ್ನು ಕಾಯುವುದು ಬೇರೆ ಸಂಗತಿಗಳು. ಸ್ಕೂಲಿನಲ್ಲಿ ಒಂದರೊಳಗೊಂದು ವೃತ್ತ ಬರೆದು ಕಲಿಸಿದರು. ನಡುವೆ ತಾನು, ಆಮೇಲೆ ಮನೆಯವರು, ಸ್ನೇಹಿತರು, ಪರಿಚಯದವರು, ತೀರ ಹೊರಗೆ ಅಪರಿಚಿತರು. ಯಾವ ವೃತ್ತದವರಿಗೆ ಅಪ್ಪುಗೆ, ಯಾರಿಗೆ ಕೈಕುಲುಕು, ಯಾರಿಗೆ ಬರೀ ನಮಸ್ಕಾರ ಎಂದು ಅವಳಿಗೆ ಬಾಯಿಪಾಠ. ಅದು ಕೆಡುವುದು ನಮ್ಮ ಸಂಘದ ಕಾರ್ಯಕ್ರಮಗಳಲ್ಲೇ. "ಬಾ ಪುಟ್ಟಿ, ಅಂಕಲ್‌ಗೆ ಒಂದು ಮುತ್ತು ಕೊಡು" ಎಂದು ಕೆನ್ನೆ ಹಿಂಡುತ್ತೀರಿ. ಪ್ರೀತಿಯಿಂದಲೇ, ಬಲ್ಲೆವು. ಆದರೆ ಬೇಡ ಎನ್ನಲು ಐದು ವರ್ಷ ಕಲಿತವಳಿಗೆ, ದೊಡ್ಡವರು ಕೇಳಿದರೆ ಬೇಡ ಎನ್ನಬಾರದು ಎಂಬ ಪಾಠ ಐದು ನಿಮಿಷದಲ್ಲಿ ಆಗುತ್ತದೆ. ದಯವಿಟ್ಟು ಕೈಜೋಡಿಸಿ ನಮಸ್ಕಾರ ಹೇಳಿ. ಅವಳಿಗೆ ಬೇಕೆನಿಸಿದರೆ ಅವಳೇ ಕೈ ಚಾಚುತ್ತಾಳೆ.

ಗಂಡುಮಕ್ಕಳ ಮನೆಗಳಲ್ಲಿ ಬೇರೆ ಪಾಡು. ಆಟಿಸಂ ಇರುವ 14 ವರ್ಷದ ಹುಡುಗನೊಬ್ಬ ಹಾಲ್‌ನಲ್ಲಿ ಎಲ್ಲರೆದುರು ತನ್ನನ್ನು ಮುಟ್ಟಿಕೊಂಡಾಗ ಅವನ ತಂದೆ ಹೊಡೆಯಲಿಲ್ಲ, ಗದರಲಿಲ್ಲ. ರೂಮಿನ ಬಾಗಿಲಿಗೆ ಚಿಲಕ ತೋರಿಸಿ, "ಇದು ಇಲ್ಲಿ, ಬಾಗಿಲು ಹಾಕಿಕೊಂಡು" ಎಂದು ದಿನಾ ಹೇಳಿದರು. ಎರಡು ತಿಂಗಳು ಹಿಡಿಯಿತು.

ಈಗಿನ ಸುದ್ದಿ. ಬೌಲಿಂಗ್‌ಗೆ ಬರುವ ಹುಡುಗನೊಬ್ಬನನ್ನು ಮಗಳು "ನನ್ನ ಬಾಯ್‌ಫ್ರೆಂಡ್" ಎನ್ನುತ್ತಾಳೆ. ಕೈ ಹಿಡಿದುಕೊಂಡು ಐಸ್‌ಕ್ರೀಮ್ ತಿನ್ನುತ್ತಾರೆ, ಮದುವೆಯ ಮಾತೂ ಆಗಿದೆಯಂತೆ. ನಮಗೆ ನಿದ್ದೆ ಬಾರದ ರಾತ್ರಿಗಳಿವೆ, ಸುಳ್ಳು ಹೇಳುವುದಿಲ್ಲ. ಡೌನ್ ಸಿಂಡ್ರೋಮ್ ಇರುವ ಹೆಣ್ಣುಮಕ್ಕಳು ಗರ್ಭ ಧರಿಸಬಲ್ಲರು, ಆದ್ದರಿಂದ ಡಾಕ್ಟರ ಹತ್ತಿರ ಗರ್ಭನಿರೋಧದ ಮಾತೂ ಆಯಿತು. ಡಾಕ್ಟರು ಹತ್ತು ನಿಮಿಷ ನಮ್ಮನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಮಾತಾಡಿದರು. ಏನು ಕೇಳಿದರು ಎಂದರೆ "ಪ್ರೈವೇಟ್" ಎಂದಳು. ಇಲ್ಲಿ 25 ತುಂಬಿದ ಮೇಲೆ ಐದು ವರ್ಷಕ್ಕೊಮ್ಮೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆಯಲ್ಲ, ಅದು ಇಂಥ ಹೆಣ್ಣುಮಕ್ಕಳಿಗೂ ಬೇಕು ಎಂದು ಅನೇಕರಿಗೆ ಹೊಳೆಯುವುದೇ ಇಲ್ಲ. 2022ರಿಂದ ಮಾದರಿಯನ್ನು ಅವರೇ ತೆಗೆದುಕೊಡಬಹುದು, ಪರೀಕ್ಷೆಗೆ ಹೆದರುವವರಿಗೆ ಅದು ದೊಡ್ಡ ಉಪಕಾರ.

ಇಂಥ ಮಕ್ಕಳಿರುವ ಮೂರು ಮನೆಯವರು ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರುತ್ತೇವೆ. ಕಾಫಿ, ಅವಲಕ್ಕಿ ಇರುತ್ತದೆ. ಕಾರ್ಯದರ್ಶಿಯವರಿಗೆ ಹೇಳಿದರೆ ವಿಳಾಸ ಕೊಡುತ್ತಾರೆ. ಮಕ್ಕಳನ್ನೂ ಕರೆತನ್ನಿ, ಆಚೆ ರೂಮಿನಲ್ಲಿ ಕೇರಂ ಬೋರ್ಡ್ ಇದೆ.