ಒಂದೇ ಪಾತ್ರೆಯ ರಾತ್ರಿಯೂಟ

ಸಂಜೆಯ ಗಂಟೆ ಬಾರಿಸಿದ ಮೇಲೆ ಉಪಾಧ್ಯಾಯರ ದಿನದ ಕೆಲಸ ಮುಗಿಯಿತೆಂದು ಜನರು ಭಾವಿಸುವುದುಂಟು. ನಾವೂ ಮೂವತ್ತು ವರ್ಷ ಹಾಗೆಯೇ ಭಾವಿಸಿದ್ದೆವು. ಮನೆಗೆ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಕುಳಿತು ಪತ್ರಿಕೆ ಬಿಡಿಸಿದೆವೆಂದರೆ, ಒಳಗೆ ಒಲೆಯ ಮೇಲೆ ಏನು ನಡೆಯುತ್ತಿದೆ ಎಂಬುದು ನಮ್ಮ ಪಠ್ಯಕ್ರಮಕ್ಕೆ ಸೇರಿದ ವಿಷಯವಾಗಿರಲಿಲ್ಲ. ಎಂಟು ಗಂಟೆಗೆ ತಟ್ಟೆ ಬರುತ್ತಿತ್ತು. ತಟ್ಟೆಯಲ್ಲಿ ಮುದ್ದೆ ಇರುತ್ತಿತ್ತು. ಅದು ಹೊತ್ತು ಮೂಡುವಷ್ಟೇ ಸಹಜವಾದ ಸಂಗತಿಯೆಂದು ನಂಬಿದ್ದೆವು. ಆ ನಂಬಿಕೆ ಹೇಗೆ ಮುರಿಯಿತು, ಐವತ್ತೆಂಟನೆಯ ವಯಸ್ಸಿನಲ್ಲಿ ನಾವು ಸೌಟು ಹಿಡಿದುದೇಕೆ ಎಂಬುದನ್ನು ಈ ಪತ್ರಿಕೆಯನ್ನು ಓದುವ ಕುಟುಂಬಗಳ ಮುಂದೆ ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ. ನಮ್ಮಂತಹ ಮನೆಗಳು ಗಡಿಯ ಈಚೆಗೂ ಆಚೆಗೂ ಅನೇಕ ಇವೆ.

ನಮ್ಮ ಊರು ತಳಿಗೂ ಡೆಂಕಣಿಕೋಟೆಗೂ ನಡುವೆ ಇದೆ. ನಮ್ಮ ತಾಯಿಯವರು ಈ ಮನೆಗೆ ಸೊಸೆಯಾಗಿ ಬಂದಾಗ ಇದು ಸೇಲಂ ಜಿಲ್ಲೆ. ನಾವು ಅಕ್ಷರ ತಿದ್ದಿದ ಕಾಲಕ್ಕೆ, ಅಂದರೆ 1965ರ ವಿಂಗಡಣೆಯ ನಂತರ, ಧರ್ಮಪುರಿ ಜಿಲ್ಲೆ. 2004ರಿಂದ ಕೃಷ್ಣಗಿರಿ ಜಿಲ್ಲೆ. ಮೂರು ಜಿಲ್ಲೆಗಳು ಬದಲಾದರೂ ನಮ್ಮ ಮನೆಯ ಒಲೆ ಇದ್ದ ಮೂಲೆಯಲ್ಲಿಯೇ ಇತ್ತು. ಅದರ ಮೇಲೆ ಬೇಯುತ್ತಿದ್ದ ರಾಗಿಯೂ ಬದಲಾಗಲಿಲ್ಲ. ಬದಲಾದುದು ಮನೆಯವರ ಗಡಿಯಾರ. ಮಗ ಬೆಳಗಿನ ಬಸ್ಸು ಹಿಡಿದು ಅತ್ತಿಬೆಲೆಯ ಮೇಲೆ ಬೆಂಗಳೂರಿನ ಕೆಲಸಕ್ಕೆ ಹೋಗುತ್ತಾನೆ. ಸೊಸೆ ಹೊಸೂರಿನ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾಳೆ. ಒಬ್ಬರು ಏಳಕ್ಕೆ ಬಂದರೆ ಮತ್ತೊಬ್ಬರು ಒಂಬತ್ತಕ್ಕೆ. ಬರುವಾಗ ಬಸ್ ನಿಲ್ದಾಣದ ಅಂಗಡಿಯಿಂದ ಪರೋಟದ ಪೊಟ್ಟಣವೂ ಬರುತ್ತಿತ್ತು. ತಾಯಿಯವರಿಗೆ ಮುದ್ದೆ, ಮಗನಿಗೆ ಪರೋಟ, ಆರು ವರ್ಷದ ಮೊಮ್ಮಗಳಿಗೆ ಪಾಸ್ತಾ. ಒಂದು ಸೂರಿನಡಿ ಮೂರು ಪಂಕ್ತಿ. ಇದು ಕಾಲಧರ್ಮವೆಂದು ಸುಮ್ಮನಿದ್ದೆವು.

ಕಳೆದ ಮಳೆಗಾಲದ ಒಂದು ಸಂಜೆ ಅಡಿಗೆಮನೆಯಲ್ಲಿ ಧಡಾರೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಹಿಟ್ಟಿನ ಕೋಲು ಒಂದು ಕಡೆ, ಕುದಿಯುವ ಪಾತ್ರೆ ಮತ್ತೊಂದು ಕಡೆ ಬಿದ್ದಿವೆ. ನಮ್ಮ ಮನೆಯಾಕೆ ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೊರಗಿ ನಿಂತಿದ್ದಾರೆ. ದೇವರ ದಯೆ, ಬಿಸಿ ಎಸರು ಕಾಲಿನ ಮೇಲೆ ಬೀಳಲಿಲ್ಲ. “ಏನಿಲ್ಲಾರೀ, ಕೈ ಜೋಮು ಹಿಡೀತು, ಕೋಲು ಜಾರಿತು” ಎಂದರು. ಮರುದಿನ ವೈದ್ಯರು ಪರೀಕ್ಷಿಸಿ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯೆಂದೂ, ಮೂರು ತಿಂಗಳು ಮುದ್ದೆ ತೊಳಸುವುದು, ಬಟ್ಟೆ ಹಿಂಡುವುದು ಕೂಡದೆಂದೂ ಹೇಳಿ ಕೈಗೆ ಪಟ್ಟಿ ಕಟ್ಟಿದರು. “ಎಷ್ಟು ದಿನದಿಂದ ನೋವಿದೆ?” ಎಂದು ಅವರು ಕೇಳಿದಾಗ ಮನೆಯಾಕೆ ನಮ್ಮ ಮುಖ ನೋಡದೆ, “ಎರಡು ವರ್ಷ ಆಯ್ತು” ಎಂದರು.

ಶಾಲೆಯಲ್ಲಿ ಮಗುವೊಂದು ಎರಡು ದಿನ ಮಂಕಾಗಿ ಕುಳಿತರೆ ಕಾರಣವೇನೆಂದು ಕೇಳಬೇಕೆಂಬುದನ್ನು ನಮಗೆ ಶಿಕ್ಷಕರ ತರಬೇತಿಯಲ್ಲಿ ಕಲಿಸಿದ್ದರು. ಅದನ್ನು ನಾವು ಪಾಲಿಸಿಯೂ ಇದ್ದೇವೆ. ಮನೆಯಲ್ಲಿ ಎರಡು ವರ್ಷ ಒಂದು ಕೈ ನೋಯುತ್ತಿದ್ದುದನ್ನು, ಆ ಕೈಯ ಅಡಿಗೆಯನ್ನೇ ದಿನವೂ ಉಣ್ಣುತ್ತಿದ್ದ ನಾವು ಕಾಣಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ನಿಯಮ ಮಾಡಿದೆವು: ಸಂಜೆ ಮೊದಲು ಮನೆ ಸೇರಿದವರು ಒಲೆ ಹಚ್ಚಬೇಕು. ನಾಲ್ಕೂವರೆಗೆ ಮನೆ ಸೇರುವವರು ನಾವೇ ಆದುದರಿಂದ ನಿಯಮವು ನಮ್ಮ ತಲೆಯ ಮೇಲೆಯೇ ಬಂದಿತು. ತಾಯಿಯವರಿಗೆ ಇದು ಒಪ್ಪಿಗೆಯಾಗಲಿಲ್ಲ. “ಹೆಡ್‌ಮಾಸ್ಟರು ಸೌಟು ಹಿಡ್ಕಂಡ್ರೆ ಊರೋರು ಏನಂತಾರೋ ಮಗಾ?” ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆಯಲ್ಲಿ ಮಾವನಿಗೆ ಒಂದು ಕಾಲವನ್ನು ಹೇಳಿಲ್ಲ. ಅದು ಈಗ ಬಂದಿದೆಯೆಂದು ಅವರನ್ನು ಸಮಾಧಾನಪಡಿಸಿದೆವು.

ಮುದ್ದೆಯ ಹದ ನಮಗೆ ತಿಳಿಯದು. ಮೊಮ್ಮಗಳ ಪಾಸ್ತಾ ಸುಲಭವೆಂದು ಕಂಡಿತು. ಸೊಸೆ ದೂರವಾಣಿಯಲ್ಲಿಯೇ ಕ್ರಮವನ್ನು ಹೇಳಿದಳು: ಕೋಳಿ, ಪಾಸ್ತಾ, ಹಾಲು, ಕೆನೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ, ತೊಳೆಯುವುದಕ್ಕೂ ಒಂದೇ ಪಾತ್ರೆ. ನಾವು ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದು, ತಣ್ಣೀರು ಹೊಯ್ದು, ಮುಚ್ಚಳವಿಟ್ಟು, ಅಭ್ಯಾಸಬಲದಿಂದ ಪತ್ರಿಕೆ ಹಿಡಿದು ಜಗಲಿಗೆ ಹೋದೆವು. ವಾಸನೆ ಬಂದು ನಾವು ಎದ್ದಾಗ ತಳ ಸೀದಿತ್ತು, ಮೇಲೆ ಬೆಂದಿರಲಿಲ್ಲ, ಹಾಲು ಒಡೆದಿತ್ತು. ತಾಯಿಯವರು, “ಬಾಡಿಗೂ ಹಾಲಿಗೂ ಕೂಡಿಸಬಾರ್ದು ಅಂತ ಹಿರಿಯರು ಸುಮ್ಕೆ ಹೇಳಿದ್ರಾ?” ಎಂದು ತಟ್ಟೆಯನ್ನು ದೂರ ಸರಿಸಿದರು. ಮೊಮ್ಮಗಳು ಎರಡು ತುತ್ತು ತಿಂದು ಗಂಭೀರವಾಗಿ, “ತಾತ, ಹತ್ತಕ್ಕೆ ಮೂರು” ಎಂದಳು. ಮೌಲ್ಯಮಾಪನ ನ್ಯಾಯವಾಗಿಯೇ ಇತ್ತು.

ನಮಗೆ ಗುರುಗಳು ದೊರೆತುದು ಶಾಲೆಯಲ್ಲಿ. ಮಧ್ಯಾಹ್ನದ ಊಟದ ಪೌಷ್ಟಿಕ ಯೋಜನೆ ತಮಿಳುನಾಡಿನಲ್ಲಿ 1982ರಿಂದ ಇದೆ. ಅದರ ಮೇಲೆ 2022ರಲ್ಲಿ ಬೆಳಗಿನ ಉಪಾಹಾರದ ಯೋಜನೆ ಆರಂಭವಾಗಿ, 2023ರಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಬಂದಿತು. ನಮ್ಮಲ್ಲಿ ಸ್ವಸಹಾಯ ಸಂಘದ ಹೆಂಗಸರು ಅದನ್ನು ಅಡಿಗೆ ಮಾಡುತ್ತಾರೆ. ಸೋಮವಾರ ಉಪ್ಪಿಟ್ಟಿನ ಸರದಿ. ಹಲವು ಸಲ ಅದು ಶಾವಿಗೆಯ ಉಪ್ಪಿಟ್ಟು. ಮಕ್ಕಳಿಗೆ ಬಡಿಸುವ ಮೊದಲು ರುಚಿ ನೋಡುತ್ತ ಆ ತಾಯಿಗೆ ನಮ್ಮ ಸೋಲನ್ನು ಹೇಳಿಕೊಂಡೆವು. ಅವರು ನಕ್ಕು, “ಎಲ್ಲಾನೂ ಒಟ್ಗೇ ಹಾಕ್ಬಾರ್ದು ಸಾರ್. ತಡವಾಗಿ ಬೇಯೋದು ಮೊದ್ಲು, ಬೇಗ ಬೇಯೋದು ಕೊನೇಗೆ. ನೀರು ಅಳೀಬೇಕು. ಒಲೆ ಬಿಟ್ಟು ಕದಲಬಾರ್ದು” ಎಂದರು. ನಾಲ್ಕೇ ವಾಕ್ಯಗಳಲ್ಲಿ ಇಡೀ ಪಾಠ.

ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬುದು ಬೋಧನೆಯ ಹಳೆಯ ಸೂತ್ರ. ನಾವು ತಿಳಿಯದ ಪಾಸ್ತಾದಿಂದ ಹೊರಟುದೇ ತಪ್ಪಾಗಿತ್ತು. ನಮ್ಮ ಸೀಮೆಯಲ್ಲಿ ಶಾವಿಗೆಗೂ ಕೋಳಿಗೂ ಹಳೆಯ ನಂಟು. ಹಬ್ಬ ಮುಗಿದ ಮರುದಿನ, ನೆಂಟರು ಬಂದ ದಿನ, ಅಕ್ಕಿಹಿಟ್ಟಿನ ಅಥವಾ ರಾಗಿಹಿಟ್ಟಿನ ಮುದ್ದೆ ಬೇಯಿಸಿ, ಬಿಸಿಯಾಗಿರುವಾಗಲೇ ಒರಳಿನಲ್ಲಿ ಒತ್ತಿ, ಎಳೆಯೆಳೆಯಾದ ಒತ್ತುಶಾವಿಗೆಯ ಮೇಲೆ ಕೋಳಿಸಾರು ಹೊಯ್ದು ಉಣ್ಣುತ್ತಿದ್ದೆವು. ಮಕ್ಕಳಿಗೆ ಕಾಯಿಹಾಲು, ಬೆಲ್ಲ. ತಮಿಳರ ಇಡಿಯಾಪ್ಪಂ ಇದರದೇ ತಂಗಿ. ಉತ್ತರ ಕರ್ನಾಟಕದಲ್ಲಿ ಜವೆಗೋಧಿಯ ಶಾವಿಗೆಯನ್ನು ಬಿಸಿಲಿನಲ್ಲಿ ಒಣಗಿಸಿ ವರ್ಷವೆಲ್ಲ ಇಡುತ್ತಾರೆ. ಇಟಲಿಯವರ ಪಾಸ್ತಾ ಕೂಡ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯನ್ನು ನಾದಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದುದೇ. ಹೀಗೆ ನೋಡಿದರೆ ಮೊಮ್ಮಗಳ ತಟ್ಟೆಗೂ ಮುತ್ತಜ್ಜಿಯ ಒರಳಿಗೂ ನಡುವಣ ದೂರ ನಾವೆಣಿಸಿದಷ್ಟಿಲ್ಲ. ಒರಳು ಒತ್ತುವುದು ನೋಯುವ ಕೈಗೆ ಆಗದ ಕೆಲಸವಾದುದರಿಂದ ಅಂಗಡಿಯ ಗೋಧಿ ಶಾವಿಗೆಯನ್ನು ತಂದೆವು.

ಮನೆಯಾಕೆ ಮಣೆಯ ಮೇಲೆ ಕುಳಿತು ಹೇಳುತ್ತ ಹೋದರು. ನಾವು ಮಾಡುತ್ತ ಹೋದೆವು. ಆ ಕ್ರಮ ಹೀಗಿದೆ. ಆರು ಜನರಿಗೆ ಮುಕ್ಕಾಲು ಕಿಲೋ ಕೋಳಿಯನ್ನು ಸಣ್ಣ ತುಂಡು ಮಾಡಿಸಬೇಕು. ದಪ್ಪ ತಳದ ಅಗಲ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆಯಲ್ಲಿ ಮೂರು ಲೋಟ ಶಾವಿಗೆಯನ್ನು ಹೊಂಬಣ್ಣ ಬರುವವರೆಗೆ ಹುರಿದು ತಟ್ಟೆಗೆ ತೆಗೆದಿಡಬೇಕು. ಅದೇ ಪಾತ್ರೆಗೆ ಮೂರು ಚಮಚ ಎಣ್ಣೆ, ಚೂರು ಚಕ್ಕೆ, ನಾಲ್ಕು ಲವಂಗ, ಹೆಚ್ಚಿದ ಮೂರು ಈರುಳ್ಳಿ ಹಾಕಿ ಬಾಡಿಸಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ ಸೇರಿಸಬೇಕು. ಹಸಿ ವಾಸನೆ ಹೋದ ಮೇಲೆ ಕೋಳಿ, ಅರಿಶಿನ, ಉಪ್ಪು. ಕೋಳಿ ತನ್ನ ನೀರು ಬಿಟ್ಟು ಅದು ಇಂಗುವವರೆಗೆ ತಿರುವಬೇಕು. ಬಳಿಕ ಮೂರು ಟೊಮೇಟೊ (ನಮಗೆ ರಾಯಕೋಟೆಯ ಕಡೆಯ ಹಣ್ಣು ಬೇಕಾದಷ್ಟು ದೊರೆಯುತ್ತದೆ), ಎರಡು ಚಮಚ ಧನಿಯಾಪುಡಿ, ಒಂದು ಚಮಚ ಮೆಣಸಿನಪುಡಿ. ಏಳು ಲೋಟ ನೀರು ಅಳೆದು ಹೊಯ್ದು, ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಿ ಇಪ್ಪತ್ತು ನಿಮಿಷ ಬೇಯಿಸಬೇಕು.

ಅಷ್ಟರಲ್ಲಿ ಅರ್ಧ ತೆಂಗಿನಕಾಯಿಯ ತುರಿಯನ್ನು ಒಂದು ಚಮಚ ನೆನೆದ ಗಸಗಸೆಯೊಡನೆ ನುಣ್ಣಗೆ ರುಬ್ಬಿ, ಒಂದು ಲೋಟ ನೀರಿನಲ್ಲಿ ಕದಡಿಟ್ಟುಕೊಳ್ಳಬೇಕು. ಕೋಳಿ ಮೆತ್ತಗಾದ ಮೇಲೆ ಹುರಿದ ಶಾವಿಗೆಯನ್ನು ಉದುರಿಸಿ, ತಳ ಹತ್ತದಂತೆ ಆಗಾಗ್ಗೆ ತಿರುವುತ್ತ ಐದು ನಿಮಿಷ. ಕಡೆಗೆ ಕಾಯಿಯ ರಸ ಹೊಯ್ದು ಸಣ್ಣ ಉರಿಯಲ್ಲಿ ಎರಡು ಕುದಿ. ಕೊತ್ತಂಬರಿ, ಪುದೀನ, ಅರ್ಧ ನಿಂಬೆಹಣ್ಣು. ಇಳಿಸುವಾಗ ಸ್ವಲ್ಪ ನೀರಾಗಿಯೇ ಇರಬೇಕು. ಐದು ನಿಮಿಷದಲ್ಲಿ ಬಿಗಿಯುತ್ತದೆ. ಪಾಸ್ತಾವೇ ಬೇಕೆಂದರೆ ಹುರಿಯದೆ, ಒಂದು ಲೋಟ ನೀರು ಹೆಚ್ಚು ಹೊಯ್ದು, ಹನ್ನೆರಡು ನಿಮಿಷ ಬೇಯಿಸಿದರಾಯಿತು. ನಾಟಿಕೋಳಿಗೆ ಈ ಲೆಕ್ಕ ಸಲ್ಲದು. ಅದಕ್ಕೆ ಹೆಚ್ಚು ಹೊತ್ತು ಬೇಕು, ಅದು ಭಾನುವಾರಕ್ಕಿರಲಿ. ಬಾಡು ತಿನ್ನದ ಮನೆಗಳಲ್ಲಿ ಸೊಗಡಿನ ಕಾಲದ ಅವರೆಕಾಳು ಹಾಕಬಹುದು. ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಕನ್ನಡದಲ್ಲಿ ಪಾಕಶಾಸ್ತ್ರದ ಮೇಲೆ ‘ಸೂಪಶಾಸ್ತ್ರ’ವೆಂಬ ಪದ್ಯಗ್ರಂಥ ರಚಿಸಿದ ಮೂರನೆಯ ಮಂಗರಸನು ಶಾಕಾಹಾರದ ಅಡಿಗೆಗಳನ್ನಷ್ಟೇ ಹೇಳಿದನು, ಆತನೂ ಅವರೆಕಾಳಿಗೆ ಬೇಡವೆನ್ನಲಾರನು.

ಕೆನೆಯಿಲ್ಲದೆ ಇದು ಕೆನೆಯಂತಾಗುವುದು ಹೇಗೆಂದು ಸೊಸೆ ಕೇಳಿದಳು. ಅನ್ನ ಬಸಿದರೆ ಬರುವ ಗಂಜಿಯನ್ನು ನೆನೆಯಬೇಕು. ಧಾನ್ಯದ ಪಿಷ್ಟ ಬಿಸಿನೀರಿನಲ್ಲಿ ಉಬ್ಬಿ, ಒಡೆದು, ನೀರನ್ನು ಮಂದ ಮಾಡುತ್ತದೆ. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದುಬಿಟ್ಟರೆ ಆ ಸತ್ವ ಬಚ್ಚಲಿಗೆ ಹೋಗುತ್ತದೆ. ಅಳೆದ ನೀರಿನಲ್ಲಿ ಬೇಯಿಸಿದರೆ ಪಾತ್ರೆಯಲ್ಲಿಯೇ ಉಳಿದು ಕೋಳಿಯ ರಸವನ್ನೂ ಕಾಯಿಯ ಜಿಡ್ಡನ್ನೂ ಕೂಡಿಸಿ ಹಿಡಿಯುತ್ತದೆ. ಒಂದೇ ಪಾತ್ರೆಯ ಅಡಿಗೆಯ ಗುಟ್ಟು ಇಷ್ಟೆ.

ಈಗ ವಾರಕ್ಕೆರಡು ದಿನ ಇದೇ ಊಟ. ಉಳಿದ ದಿನ ಪೊಂಗಲ್, ಬಿಸಿಬೇಳೆ ಅನ್ನ, ಎಲ್ಲವೂ ಒಂದೊಂದೇ ಪಾತ್ರೆಯವು. ಮೊದಲ ವಾರ ದೃಢೀಕರಣಪತ್ರಕ್ಕೆ ಸಹಿ ಬೇಕೆಂದು ಬಂದ ಪೋಷಕರೊಬ್ಬರು ನಮ್ಮ ಕೈಯಲ್ಲಿನ ಸೌಟು ಕಂಡು ಬಾಗಿಲಲ್ಲೇ ನಿಂತರು. ಸಹಿ ಪಡೆದು ಹೋಗುವಾಗ ತಗ್ಗಿದ ದನಿಯಲ್ಲಿ, “ಸಾರ್, ನೀರು ಎಷ್ಟು ಲೋಟ ಅಂದ್ರಿ?” ಎಂದು ಕೇಳಿದರು. ಊರವರು ಏನೆನ್ನುತ್ತಾರೆಂಬ ತಾಯಿಯವರ ಚಿಂತೆ ಅಂದಿಗೆ ತೀರಿತು.

ಮೊಮ್ಮಗಳು ತಮಿಳು, ಇಂಗ್ಲಿಷುಗಳನ್ನು ಶಾಲೆಯಲ್ಲಿ ಕಲಿಯುತ್ತಾಳೆ. ಕನ್ನಡ ಅವಳಿಗೆ ಮನೆಯಲ್ಲಿ ದೊರೆತಷ್ಟೆ. ಪರೋಟದ ಪೊಟ್ಟಣ ಬಿಚ್ಚುವ ಸಂಜೆಗಳಲ್ಲಿ ಅವಳಿಗೆ ಯಾವ ಹೊಸ ಮಾತೂ ದೊರೆಯುತ್ತಿರಲಿಲ್ಲ. ಈಗ ಒಲೆಯ ಪಕ್ಕದಲ್ಲಿ ನಿಂತು ಬಾಡಿಸು, ಕದಡು, ಇಂಗಿಸು ಎಂಬ ಮಾತುಗಳನ್ನು ಮುತ್ತಜ್ಜಿಯ ಬಾಯಿಂದ ಹೆಕ್ಕುತ್ತಾಳೆ. ಮೊನ್ನೆ ಪಾತ್ರೆಯೊಳಗೆ ಇಣುಕಿ, “ತಾತ, ಹದ ಬಂತಾ?” ಎಂದಳು. ಆ ಒಂದು ಮಾತನ್ನು ಯಾವ ಪಾಠಪುಸ್ತಕದಿಂದ ನಾವು ಕಲಿಸಬಲ್ಲೆವಾಗಿದ್ದೆವು?

ಮನೆಯಾಕೆಯ ಕೈಯ ಪಟ್ಟಿ ಬಿಚ್ಚಿದ್ದಾಗಿದೆ. ಮುದ್ದೆಯ ಕೋಲನ್ನು ಮಗ ಹಿಡಿದಿದ್ದಾನೆ. ಗಂಟಿಲ್ಲದೆ ತೊಳಸಲು ಇನ್ನೂ ಕಲಿಯುತ್ತಿದ್ದಾನೆ. ಒಂದು ರಾತ್ರಿ ಆರು ಜನರೂ ಒಟ್ಟಿಗೆ ಉಂಡೆದ್ದ ಮೇಲೆ ನಾವು ಆಕೆಯೊಡನೆ, “ಎರಡು ವರ್ಷ ನೋವಿತ್ತು, ಒಂದು ಮಾತು ಹೇಳಬಾರದಿತ್ತೆ?” ಎಂದೆವು. “ನೀವು ಕೇಳಲಿಲ್ಲ” ಎಂದರು. ದೂರಿನ ದನಿಯಲ್ಲಿ ಅಲ್ಲ. ಹಾಜರಿ ಪುಸ್ತಕದಲ್ಲಿ ಬರೆದಂತೆ. ನಾವು ಉತ್ತರವಿಲ್ಲದೆ ಪಾತ್ರೆ ತೊಳೆಯಲು ಎದ್ದೆವು.

ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿ ನಮ್ಮದೊಂದು ವಿನಂತಿ. ಶಾವಿಗೆಯ ಪಾಕವನ್ನು ನಾಳೆ ಮಾಡಿದರೂ ಆದೀತು. ಇಂದು ರಾತ್ರಿ ತಟ್ಟೆ ಮುಂದೆ ಬಂದಾಗ ಅದನ್ನು ನೀಡಿದ ಕೈಯನ್ನೊಮ್ಮೆ ನೋಡಿರಿ, ನೋಯುತ್ತಿದೆಯೇ ಎಂದು ಕೇಳಿರಿ.