ಹೆಸರಿರುವ ಹೊಲಗಳ ನಡುವೆ

ಫ್ರಾನ್ಸಿನ ಬರ್ಗಂಡಿಯಲ್ಲಿ ಪುಲಿನ್ಯಿ-ಮೋಂರಾಶೆ ಊರು ದಾಟಿ ದಕ್ಷಿಣಕ್ಕೆ ಹೊರಳಿದರೆ ದ್ರಾಕ್ಷಿ ತೋಟಗಳ ನಡುವೆ ಒಂದು ಕಿರುದಾರಿ ಸಿಗುತ್ತದೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಸೈಕಲ್ಲನ್ನು ಅಂಚಿಗೆ ಇಳಿಸಿ ನಿಲ್ಲಬೇಕು, ಅಷ್ಟೇ ಅಗಲ. ಬಲಗಡೆ, ದಿಬ್ಬದ ಮಗ್ಗುಲಿಗೆ ಇರುವುದು ಮೋಂರಾಶೆ. ಜಗತ್ತಿನ ಅತ್ಯಂತ ದುಬಾರಿ ಬಿಳಿ ವೈನುಗಳಲ್ಲಿ ಒಂದು ಹುಟ್ಟುವುದು ಸುಮಾರು 8 ಹೆಕ್ಟೇರಿನ, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಎಕರೆಯ ಈ ನೆಲದಲ್ಲಿ. ಎಡಗಡೆಯದು ಬತಾರ್-ಮೋಂರಾಶೆ. ಅದಕ್ಕೂ ಗ್ರಾಂಡ್ ಕ್ರೂ ಎಂಬ ಅತ್ಯುನ್ನತ ದರ್ಜೆಯೇ, ಆದರೂ ಬೆಲೆಯಲ್ಲಿ ಒಂದು ಮೆಟ್ಟಿಲು ಕೆಳಗೆ. ಇನ್ನಷ್ಟು ತಗ್ಗಿಗೆ ಇಳಿದರೆ ಊರಿನ ಹೆಸರಷ್ಟೇ ಹೊತ್ತ ವೈನಿನ ತೋಟಗಳು, ಅದರಾಚೆ ಬರೀ ‘ಬರ್ಗಂಡಿ’ ಎಂದು ಮಾರಾಟವಾಗುವ ಹಣ್ಣಿನ ತೋಟಗಳು. ಎಲ್ಲ ಕಡೆಯೂ ಅದೇ ಶಾರ್ಡೊನೇ ಬಳ್ಳಿ, ಅದೇ ಸೊಂಟದೆತ್ತರ, ಅದೇ ಹಸಿರು. ನಡುವೆ ಬೇಲಿಯಿಲ್ಲ, ಕಾವಲಿಲ್ಲ. ಒಂದು ಗೇಣು ಎತ್ತರದ ಕಲ್ಲಿನ ಅಂಚು ಮಾತ್ರ.

ಬೋನ್ ಪಟ್ಟಣದಿಂದ ಸಾಂತ್ನೇವರೆಗೆ ಸುಮಾರು 22 ಕಿಲೋಮೀಟರಿನ ಈ ಸೈಕಲ್ ದಾರಿ ಪೊಮ್ಮಾರ್, ವೊಲ್ನೇ, ಮೆರ್ಸೋ ಊರುಗಳನ್ನು ಪೋಣಿಸಿಕೊಂಡು ಹೋಗುತ್ತದೆ. ಗಟ್ಟಿಯಾಗಿ ತುಳಿದರೆ ಬೆಳಗಿನ ಹೊತ್ತಿನಲ್ಲೇ ಮುಗಿಸಿಬಿಡಬಹುದು. ನಾನು ಅದರಲ್ಲೇ ದಿನಗಳನ್ನು ಕಳೆದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ವೈನಿನ ರುಚಿಗಿಂತ ಹೆಚ್ಚಾಗಿ ಆ ಹೊಲಗಳ ಸಣ್ಣ ಅಳತೆ.

ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ತೋಟಗಳನ್ನು ನೋಡಿಕೊಂಡು ಬೆಳೆದ ಕಣ್ಣು ನನ್ನದು. ನಮ್ಮಲ್ಲಿ ಆಳೆತ್ತರದ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಬ್ಬಿಸುತ್ತಾರೆ. ಗೊಂಚಲು ತಲೆಯ ಮೇಲೆ ತೂಗುತ್ತದೆ. ವರ್ಷಕ್ಕೆ ಎರಡು ಫಸಲು. ಬರ್ಗಂಡಿಯಲ್ಲಿ ಬಳ್ಳಿಯನ್ನು ಮೊಟಕಾಗಿ ಸವರಿ ಸಾಲಿಗೆ ಕಟ್ಟುತ್ತಾರೆ. ಸಾಲಿನಿಂದ ಸಾಲಿಗೆ ಸುಮಾರು ಒಂದು ಮೀಟರ್, ಬಳ್ಳಿಯಿಂದ ಬಳ್ಳಿಗೂ ಅಷ್ಟೇ. ಹೆಕ್ಟೇರಿಗೆ ಹತ್ತು ಸಾವಿರ ಬಳ್ಳಿ. ನಡುವೆ ಮಾಮೂಲಿ ಟ್ರ್ಯಾಕ್ಟರ್ ನುಗ್ಗಲು ಜಾಗವಿಲ್ಲ. ಹಾಗಾಗಿ ಸಾಲಿನ ಆಚೆಗೊಂದು ಈಚೆಗೊಂದು ಚಕ್ರವಿಟ್ಟು, ಬಳ್ಳಿಯನ್ನು ಹೊಟ್ಟೆಯಡಿ ಹಾಯಿಸಿಕೊಂಡು ಹೋಗುವ ಎತ್ತರದ ಟ್ರ್ಯಾಕ್ಟರುಗಳನ್ನು ಮಾಡಿಕೊಂಡಿದ್ದಾರೆ.

ದಾರಿಯ ಮೌನದ ಬಗ್ಗೆಯೂ ಹೇಳಬೇಕು. ತೋಟದ ಕೆಲಸದವರ ವಾಹನ ಬಿಟ್ಟರೆ ಈ ಕಿರುದಾರಿಗಳಲ್ಲಿ ಕಾರಿನ ಸದ್ದು ಅಪರೂಪ. ಡಾಂಬರು ರಸ್ತೆಗೆ ಸೇರಿದಾಗಲೂ ಹಾರ್ನ್ ಕೇಳಲಿಲ್ಲ. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ಕಾರು ಒಂದೂವರೆ ಮೀಟರ್ ಅಂತರ ಬಿಡಬೇಕು ಎಂಬುದು ಅಲ್ಲಿನ ಕಾನೂನು. ಜಾಗವಿಲ್ಲದಿದ್ದರೆ ಕಾರಿನವರು ಹಿಂದೆಯೇ ನಿಧಾನವಾಗಿ ಬರುತ್ತಾರೆ. ಬೆಂಗಳೂರಿನ ರಸ್ತೆಯಲ್ಲಿ ಸೈಕಲ್ ತುಳಿದವರಿಗೆ ಇದು ಎಂಥ ನೆಮ್ಮದಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮೌನ ನಿಸರ್ಗ ಕೊಟ್ಟ ವರವಲ್ಲ. ಜನರು ಕೂಡಿ ಒಪ್ಪಿಕೊಂಡ ಒಂದು ನಡತೆಯ ಫಲ.

ಬೋನ್ ಪಟ್ಟಣದಲ್ಲಿ ಮಾತ್ರ ಈ ನೆಮ್ಮದಿ ಸಿಗದು. 1443ರಲ್ಲಿ ನಿಕೊಲಾ ರೋಲಾಂ ಬಡವರಿಗೆಂದು ಸ್ಥಾಪಿಸಿದ ಆಸ್ಪತ್ರೆಯ ಬಣ್ಣದ ಹೆಂಚಿನ ಮಾಡನ್ನು ನೋಡಲು ಬಸ್ಸುಗಟ್ಟಲೆ ಜನ ಇಳಿಯುತ್ತಾರೆ. ಸುತ್ತಲ ಅಂಗಡಿಗಳಲ್ಲಿ ಲೋಟದ ತಳ ಮುಚ್ಚುವಷ್ಟು ವೈನಿಗೆ ಕೇಳುವ ದುಡ್ಡು ನನಗೆ ಅನ್ಯಾಯವೆಂದೇ ಕಂಡಿತು. ಹತ್ತು ನಿಮಿಷ ಪೆಡಲ್ ತುಳಿದರೆ ಆ ಗದ್ದಲವೆಲ್ಲ ಹಿಂದೆ ಬೀಳುತ್ತದೆ. ಬಸ್ಸಿನವರು ಅಲ್ಲಿಯವರೆಗೂ ಬರುವುದಿಲ್ಲ.

ಮೆರ್ಸೋದಲ್ಲಿ ಬೇಕರಿ ಮಧ್ಯಾಹ್ನಕ್ಕೆ ಬಾಗಿಲು ಹಾಕುವ ಮುನ್ನ ಬ್ರೆಡ್ಡು, ಚೀಸು, ಟೊಮೆಟೊ ಕಟ್ಟಿಸಿಕೊಂಡು ಹೊರಟೆ. ತೋಟಗಳ ನಡುವೆ ಮಳೆ ಹಿಡಿಯಿತು. ಅಂಚಿನಲ್ಲಿ ಒಂದು ಕಬೋತ್ ಕಂಡಿತು. ಹೊಲ ಹಸನು ಮಾಡುವಾಗ ಎದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೂಡು ಅದು. ಮೇಲೆ ಹೋದಂತೆ ಪ್ರತಿ ಸುತ್ತಿನ ಕಲ್ಲೂ ಒಳಕ್ಕೆ ಸ್ವಲ್ಪ ಚಾಚಿಕೊಂಡು, ಕೊನೆಗೆ ಒಂದೇ ಚಪ್ಪಡಿ ನೆತ್ತಿಯನ್ನು ಮುಚ್ಚುತ್ತದೆ. ಒಳಗೆ ಮೂರು ಜನ ಬಗ್ಗಿ ಕೂರಬಹುದು. ಹನಿ ನೀರೂ ಸೋರುತ್ತಿರಲಿಲ್ಲ. ಚಿಗುರು ತಂತಿಗೆ ಸಿಕ್ಕಿಸುತ್ತಿದ್ದ ರೈತರೊಬ್ಬರು ಆಗಲೇ ಒಳಗಿದ್ದರು. ಅರವತ್ತು ದಾಟಿದವರು. ‘ಬೊಂಜೂರ್’ ಎಂದು ಸರಿದು ಜಾಗ ಕೊಟ್ಟರು. ನನ್ನ ಅರೆಬರೆ ಫ್ರೆಂಚು, ಅವರ ಅರೆಬರೆ ಇಂಗ್ಲಿಷು, ಉಳಿದದ್ದು ಕೈಸನ್ನೆ. ಬ್ರೆಡ್ಡನ್ನು ಹಂಚಿಕೊಂಡೆವು.

‘ನಿಮ್ಮ ತೋಟ ಎಲ್ಲಿಯವರೆಗೆ?’ ಎಂದು ಕೇಳಿದೆ. ಅವರು ಎದ್ದು ಬಾಗಿಲಿಗೆ ಬಂದು ಬೆರಳು ಮಾಡಿದರು. ಇಲ್ಲಿ ಒಂಬತ್ತು ಸಾಲು. ಆ ಗೋಡೆಯಾಚೆ ನಾಲ್ಕು. ಮೇಲೆ ಕಾಡಿನ ಅಂಚಿನಲ್ಲಿ ಇನ್ನೊಂದಿಷ್ಟು. ಒಂಬತ್ತನೆಯ ಸಾಲಿನಾಚೆಯದು ತಂಗಿಯದು, ಅದರಾಚೆಯದು ದೊಡ್ಡಪ್ಪನ ಮಗನದು. ಅಜ್ಜನ ಕಾಲದಲ್ಲಿ ಒಂದೇ ಇತ್ತು, ಮಕ್ಕಳಿಗೆಲ್ಲ ಸಮಪಾಲು ಆಗುತ್ತ ಹೀಗಾಯಿತು ಎಂದರು.

ಕೇಳುತ್ತ ಕೇಳುತ್ತ ನಮ್ಮೂರಿನ ಜಗಲಿಯ ಮೇಲೆ ಕೂತಂತಾಯಿತು. ಅಣ್ಣತಮ್ಮಂದಿರು ಪಾಲಾಗಿ, ಪಹಣಿಯಲ್ಲಿ ಎಕರೆ ಹೋಗಿ ಗುಂಟೆ ಬರುವ ಕಥೆ ನಮಗೆ ಹೊಸದೇ? ಫ್ರಾನ್ಸಿನಲ್ಲಿ 1789ರ ಕ್ರಾಂತಿಯ ನಂತರ ಮಠಗಳ ತೋಟಗಳು ಹರಾಜಾದವು. 1804ರ ನೆಪೋಲಿಯನ್ ಸಂಹಿತೆ ಮಕ್ಕಳಿಗೆ ಸಮಪಾಲು ಕಡ್ಡಾಯ ಮಾಡಿತು. ಸಿತೋ ಮಠದ ಸನ್ಯಾಸಿಗಳು ಗೋಡೆ ಕಟ್ಟಿ ಒಂದಾಗಿ ಕಾಪಾಡಿದ್ದ ಕ್ಲೋ ದ ವೂಜೋ ತೋಟದ ಸುಮಾರು 50 ಹೆಕ್ಟೇರಿಗೆ ಇಂದು ಎಂಬತ್ತರಷ್ಟು ಒಡೆಯರಿದ್ದಾರೆ. ಕೆಲವರದು ಬೆರಳೆಣಿಕೆಯ ಸಾಲು.

ಹಿಡುವಳಿ ಸಣ್ಣದಾದರೆ ರೈತ ಉಳಿಯುವುದಿಲ್ಲ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ನಂಬಿಯೂ ಇದ್ದೆ. ಇಲ್ಲಿ ಒಂಬತ್ತು ಸಾಲಿನವರು ಉಳಿದದ್ದು ಹೇಗೆ? ಆ ನೆಲಕ್ಕೆ ಹೆಸರಿದೆ. ಬೋನ್‌ನಿಂದ ಬಂದ ದಾರಿಯುದ್ದಕ್ಕೂ ಗೋಡೆಯ ಕಲ್ಲಿನಲ್ಲಿ, ಪುಟ್ಟ ಹಲಗೆಗಳಲ್ಲಿ ಒಂದೊಂದು ತುಂಡು ನೆಲದ ಹೆಸರನ್ನೂ ಓದುತ್ತ ಬಂದಿದ್ದೆ. ಬರ್ಗಂಡಿಯವರು ಇಂಥ ತುಂಡನ್ನು ಕ್ಲೀಮಾ ಎನ್ನುತ್ತಾರೆ. 2015ರಲ್ಲಿ ಯುನೆಸ್ಕೊ ಇಂಥ 1,247 ಕ್ಲೀಮಾಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೆಸರಿನ ಹಿಂದೆ ಶತಮಾನಗಳ ಗಮನವಿದೆ, 1935ರಿಂದೀಚೆಗೆ ಕಾನೂನಿನ ಬಲವೂ ಇದೆ. ಯಾವ ನೆಲ, ಯಾವ ತಳಿ, ಹೆಕ್ಟೇರಿಗೆ ಎಷ್ಟು ಇಳುವರಿ ಎಂಬುದೆಲ್ಲ ಗೊತ್ತುಮಾಡಿಟ್ಟದ್ದು. ಪಕ್ಕದ ತುಂಡಿನ ಹಣ್ಣಿಗೆ ಈ ತುಂಡಿನ ಹೆಸರಿಟ್ಟು ಮಾರುವಂತಿಲ್ಲ.

ಮಳೆ ನಿಂತ ಮೇಲೆ ಆ ರೈತರು ಒಂದು ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದರಿ ತೋರಿಸಿದರು. ನೆಲಕ್ಕೆ ತಾಗಿದಂತೆ ಮುಷ್ಟಿ ಗಾತ್ರದ ಒಂದು ಗಂಟು, ತೊಗಟೆ ಸಿಪ್ಪೆಸಿಪ್ಪೆಯಾಗಿ ಎದ್ದದ್ದು. ಕಸಿಯ ಗಂಟು. ಕೆಳಗಿನದು ಅಮೆರಿಕದ ಬೇರು, ಮೇಲಿನದು ಬರ್ಗಂಡಿಯ ಬಳ್ಳಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೇರು ತಿನ್ನುವ ಫಿಲೊಕ್ಸೆರಾ ಹುಳು ಫ್ರಾನ್ಸಿನ ತೋಟಗಳನ್ನು ನುಂಗಿದಾಗ, ಅದನ್ನು ತಾಳಿಕೊಳ್ಳುವ ಅಮೆರಿಕದ ಬೇರಿಗೆ ಕಸಿ ಕಟ್ಟದೆ ಬೇರೆ ದಾರಿಯಿರಲಿಲ್ಲ. ಅತ್ಯಂತ ಹೆಸರುವಾಸಿಯಾದ ರೊಮಾನೆ-ಕೋಂತಿ ತೋಟ ಕೂಡ ಹಳೆಯ ಬೇರನ್ನು ಉಳಿಸಿಕೊಂಡದ್ದು 1945ರ ಫಸಲಿನವರೆಗೆ ಮಾತ್ರ.

ನಾನು ಫೋನಿನಲ್ಲಿ ನಮ್ಮ ಚಪ್ಪರದ ಚಿತ್ರ ತೋರಿಸಿದೆ. ಅವರು ಗೊಂಚಲನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದರು. ನಮ್ಮ ಬ್ಯಾಂಗಲೋರ್ ಬ್ಲೂ ಅಮೆರಿಕದ ಮೂಲದ ಇಸಬೆಲ್ಲಾ ತಳಿ. ಅದರ ವೈನನ್ನು ಮಾರಬಾರದೆಂದು ಫ್ರಾನ್ಸ್ 1930ರ ದಶಕದಲ್ಲೇ ನಿಷೇಧ ಹಾಕಿದ ಆರು ತಳಿಗಳಲ್ಲಿ ಅದೂ ಒಂದು. ಹೆಸರು ಹೇಳುತ್ತಲೇ ಅವರಿಗೆ ಗುರುತು ಹತ್ತಿತು. ‘ಅದು ಗಟ್ಟಿ ಬಳ್ಳಿ, ರೋಗಕ್ಕೆ ಬಗ್ಗುವುದಿಲ್ಲ’ ಎಂದರು. ಬಳಿಕ ಕೇಳಿದರು: ‘ನಿಮ್ಮ ಊರಿನ ಹಣ್ಣು ಕೊಳ್ಳುವವರು ಅದು ಯಾರ ತೋಟದ್ದು ಅಂತ ವಿಚಾರಿಸುತ್ತಾರಾ?’

ಇಲ್ಲ, ವಿಚಾರಿಸುವುದಿಲ್ಲ. 2013ರಲ್ಲಿ ಬ್ಯಾಂಗಲೋರ್ ಬ್ಲೂಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದರೆ ಮಾರುಕಟ್ಟೆಯ ತಕ್ಕಡಿಗೆ ಅದರ ಗೊಡವೆಯಿಲ್ಲ. ಹಣ್ಣು ಕ್ರೇಟಿಗೆ ಬಿದ್ದ ಕ್ಷಣವೇ ಅದರ ಊರು, ತೋಟ, ಬೆಳೆದವರು ಎಲ್ಲ ಅಳಿಸಿಹೋಗುತ್ತಾರೆ. ಇದನ್ನು ಅವರಿಗೆ ಹೇಳುವಾಗ ನನಗೆ ಸಂಕಟವಾಯಿತು.

ಅವರ ಬದುಕೂ ನಿಶ್ಚಿಂತೆಯದೇನಲ್ಲ. ಹೆಸರು ಬೆಳೆದಂತೆ ನೆಲದ ಬೆಲೆ ಏರಿ, ವಾರಸುದಾರರು ತೆರಿಗೆ ಕಟ್ಟಲಾರದೆ ಮಾರಬೇಕಾಗುತ್ತದೆ. ಇನ್ನೊಂದು ದಿನ ಉತ್ತರಕ್ಕೆ, ಮೊರೇ-ಸಾಂ-ದನಿಯ ಕಡೆ ತುಳಿದಾಗ ದಾಟಿದ ಎರಡು ಹಳೆಯ ತೋಟಗಳಲ್ಲಿ ಕ್ಲೋ ದೆ ಲಾಂಬ್ರೇ 2014ರಲ್ಲಿ ಎಲ್‌ವಿಎಂಎಚ್ ಕಂಪನಿಯ ಪಾಲಾಗಿದೆ, ಕ್ಲೋ ದ ತಾರ್ 2017ರಲ್ಲಿ ಪಿನೋ ಕುಟುಂಬದ ಆರ್ತೆಮಿಸ್ ಕಂಪನಿಯ ಪಾಲಾಗಿದೆ. ‘ನನ್ನ ಮಗಳು ಇದನ್ನು ಉಳಿಸಿಕೊಂಡರೆ ಸಾಕು’ ಎಂದ ಆ ರೈತರ ಮಾತು ಅಲ್ಲಿ ಮತ್ತೆ ನೆನಪಾಯಿತು.

ಆದರೂ ಆ ದಾರಿಯಲ್ಲಿ ನಾನು ಕಲಿತದ್ದು ಸಡಿಲವಾಗಿಲ್ಲ. ನಮ್ಮ ರೈತರ ತೊಂದರೆಗೆಲ್ಲ ಗುಂಟೆಗಳನ್ನೇ ದೂರುವುದನ್ನು ಬಿಡಬೇಕು. ಹುಣಸೆಮರದ ಹೊಲ, ಬಾವಿ ತೋಟ ಎಂದು ನಮ್ಮಲ್ಲೂ ಪ್ರತಿ ತುಂಡಿಗೂ ಹೆಸರಿದೆ. ಯಾವುದರ ಬೆಳೆಗೆ ರುಚಿ ಹೆಚ್ಚು ಎಂದು ಊರಿನವರಿಗೆ ಗೊತ್ತೂ ಇದೆ. ಆ ತಿಳಿವಳಿಕೆಯನ್ನು ಯಾರೂ ಬರೆದಿಟ್ಟಿಲ್ಲ, ಅದಕ್ಕೆ ಬೆಲೆ ಕಟ್ಟಿಲ್ಲ, ಕಾನೂನು ಅದರ ಬೆನ್ನಿಗೆ ನಿಂತಿಲ್ಲ. ಬರ್ಗಂಡಿಯವರು ಈ ಮೂರನ್ನೂ ತಲೆಮಾರುಗಳ ಕಾಲ ಹಟ ಹಿಡಿದು ಮಾಡಿದ್ದಾರೆ. ನಾವು ಮೊದಲನೆಯದನ್ನಾದರೂ, ಬಲ್ಲ ಹಿರಿಯರು ಇರುವಾಗಲೇ, ಶುರು ಮಾಡಬೇಕು.